ಕಥೆಯ ಉತ್ತರಾಧಿಕಾರ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಮಠಗಳಲ್ಲಿ ಶ್ರಾವಣದ ಪುರಾಣಕ್ಕೆ ಕುಳಿತ ಶ್ರೋತೃಗಳು ಅಂದಿನ ಭಾಗವು ಮುಗಿದೊಡನೆ ಕೇಳುವ ಪ್ರಶ್ನೆಯು ಒಂದೇ: ಮುಂದೇನಾಯಿತು? ಕವಿಯೇ ಗತಿಸಿದ್ದರೆ ಇದಕ್ಕೆ ಉತ್ತರ ಹೇಳುವ ಅಧಿಕಾರವು ಯಾರಿಗೆ ಸಲ್ಲತಕ್ಕದ್ದು?

ಪಾಳುಕೋಟೆ, ಗುಪ್ತಪಾಪ, ಮೃತರ ನೆರಳು ಇವುಗಳಿಂದ ಕೂಡಿದ ಗಾಥಿಕ್ ಪ್ರಣಯಕಥೆಗಳು ಇಂಗ್ಲಂಡದಲ್ಲಿ 1764ರ ಹೋರೇಸ್ ವಾಲ್ಪೋಲನ ಕೃತಿಯಿಂದ ಮೊದಲಾದವು. ಆ ಪರಂಪರೆಯ ಕಥೆಗಳನ್ನು ಈಚಿನ ಲೇಖಕರು ಮುಂದುವರಿಸಿರುವರು. ಡಾಫ್ನೆ ಡು ಮಾರಿಯೇ ಬರೆದ ‘ರೆಬೆಕ್ಕಾ’ (1938) ಕಾದಂಬರಿಗೆ ಸೂಸನ್ ಹಿಲ್ಲರು 1993ರಲ್ಲಿ ಉತ್ತರಕಥೆಯನ್ನು ಜೋಡಿಸಿದರು. ‘ಜೇನ್ ಏರ್’ (1847) ಗ್ರಂಥದಲ್ಲಿ ಮಾಳಿಗೆಯ ಮೇಲೆ ಬಂಧಿತಳಾದ ಹುಚ್ಚು ಹೆಂಡತಿಗೆ ತನ್ನ ಕಥೆಯನ್ನು ಹೇಳುವ ಬಾಯಿಯೇ ಇಲ್ಲ. ಜೀನ್ ರೀಸ್ ಎಂಬಾಕೆಯು 1966ರಲ್ಲಿ ಆಕೆಯ ಪೂರ್ವವೃತ್ತಾಂತವನ್ನು ಬರೆದು ಆ ಬಾಯಿಯನ್ನು ಕೊಟ್ಟಳು.

ಭರತಖಂಡಕ್ಕೆ ಈ ಸಂಗತಿಯು ಹೊಸತಲ್ಲ. ಏಳನೆಯ ಶತಮಾನದ ಬಾಣಭಟ್ಟನ ‘ಕಾದಂಬರೀ’ಯಲ್ಲಿಯೂ ಅಡವಿಯ ಚಂಡಿಕಾಲಯವುಂಟು, ಶಾಪವುಂಟು, ಜನ್ಮಾಂತರವುಂಟು. ನಾಯಿಕೆಯ ವಿರಹದ ಮಾತು ನಡುವೆ ಇರುವಾಗಲೇ ಬಾಣನ ಬರವಣಿಗೆಯು ನಿಂತುಹೋಯಿತು. ಆತನ ಮಗನಾದ ಭೂಷಣಭಟ್ಟನು ಅದನ್ನು ಪೂರ್ಣಗೊಳಿಸಿದನು. ಕಥೆಯು ಮುರಿದುದರಿಂದ ಸಜ್ಜನರಿಗಾದ ದುಃಖವನ್ನು ಕಂಡು ತೊಡಗಿದೆನೇ ಹೊರತು ಕವಿತ್ವದ ಗರ್ವದಿಂದಲ್ಲವೆಂದು ಆತನು ಮೊದಲಿಗೇ ಅರಿಕೆ ಮಾಡಿಕೊಂಡಿರುವನು. ಚಂದ್ರಾಪೀಡನ ಮರಣ, ಕೆಡದೆ ಉಳಿದ ಆತನ ದೇಹವನ್ನು ಕಾದಂಬರಿಯು ಕಾಯುವದು, ಪುನರ್ಮಿಲನ, ಇವೆಲ್ಲವೂ ಮಗನ ಭಾಗದಲ್ಲಿಯೇ ಬರುವವು. ಆತನಿಲ್ಲದಿದ್ದರೆ ಆ ವಿರಹಕ್ಕೆ ಕೊನೆಯೇ ಇರುತ್ತಿರಲಿಲ್ಲ.

ಬಾಣನ ಆಶ್ರಯದಾತನಾದ ಹರ್ಷನನ್ನು ದಕ್ಷಿಣಕ್ಕೆ ಬರಗೊಡದೆ ತಡೆದವನು ಬಾದಾಮಿಯ ಇಮ್ಮಡಿ ಪುಲಕೇಶಿಯು. ಅರಸನು ದಾಟಲಾರದ ಎಲ್ಲೆಯನ್ನು ಕಥೆಯು ದಾಟಿತು. ನಾಗವರ್ಮನು ತಂದೆಯ ಪೂರ್ವಭಾಗವನ್ನೂ ಮಗನ ಉತ್ತರಭಾಗವನ್ನೂ ಸಮಾನಾದರದಿಂದ ಕನ್ನಡ ಚಂಪುವಾಗಿ ರಚಿಸಿದನು.

ಗತಿಸಿದ ಕವಿಯು ಆಕ್ಷೇಪಿಸಲಾರನು. ಆದುದರಿಂದಲೇ ಮುಂದುವರಿಸುವವನ ಹೊಣೆಯು ಹಿರಿದು. ಓದುಗರ ದುಃಖವನ್ನಾಗಲಿ, ಮೂಲದಲ್ಲಿ ಮೂಕವಾದ ಪಾತ್ರದ ಋಣವನ್ನಾಗಲಿ ತೀರಿಸುವವನೇ ಅಧಿಕಾರಿಯು, ಹೆಸರಿಗಾಗಿ ಬೆಳೆಸುವವನಲ್ಲ. ಕನ್ನಡ ಮರಾಠಿಗಳೆರಡರಲ್ಲಿಯೂ ಇಂದು ಈ ಪ್ರಕಾರದ ಗ್ರಂಥಕ್ಕೆಲ್ಲ ‘ಕಾದಂಬರಿ’ಯೆಂದೇ ಹೆಸರು. ಅದು ಒಬ್ಬನು ಮೊದಲುಮಾಡಿ ಮತ್ತೊಬ್ಬನು ಮುಗಿಸಿದ ಗ್ರಂಥದ ಹೆಸರೆಂಬುದನ್ನು ಬರೆಯುವವರು ಮರೆಯಬಾರದು.