ಹುಕ್ಕೇರಿಯ ಕಂಬಗಳು, ರೂಸ್ವೆಲ್ಟ್ ಕಾಲದ ಜಗಳ

ಬೆಳಗಾವಿ ಜಿಲ್ಲೆಯ ಗೋಕಾಕದಲ್ಲೂ ಅದರಿಂದ ಬೇರೆಯಾಗಿ ತಾಲೂಕಾದ ಮೂಡಲಗಿಯಲ್ಲೂ ಕರೆಂಟ್ ಬಿಲ್ ಬರುವುದು ಸರ್ಕಾರಿ ವಿದ್ಯುತ್ ಕಂಪನಿ ಹೆಸ್ಕಾಂ ಹೆಸರಿನಲ್ಲಿ. ಪಕ್ಕದ ಹುಕ್ಕೇರಿಗೆ ಹೋದರೆ ಬಿಲ್ಲಿನ ಮೇಲೆ ಸಹಕಾರಿ ಸಂಘವೊಂದರ ಹೆಸರಿರುತ್ತದೆ. 1969ರಲ್ಲಿ ಹುಟ್ಟಿದ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘಕ್ಕೆ ರಾಜ್ಯದಲ್ಲಿ ಜೋಡಿಯಿಲ್ಲ. ಕರೆಂಟನ್ನು ಹೆಸ್ಕಾಂನಿಂದ ಸಗಟಾಗಿ ಕೊಳ್ಳುತ್ತದೆ. ಹೊಲದ ಬದುವಿನಲ್ಲಿ ನಿಂತ ಕಂಬ, ಟಿಸಿ (ಟ್ರಾನ್ಸ್‌ಫಾರ್ಮರ್) ಸಂಘದವು; ಅದು ಸುಟ್ಟಾಗ ಏಣಿ ಹೊತ್ತು ಬರುವ ಲೈನ್‌ಮನ್ ಕೂಡ ಸಂಘದವನೇ.

ಈ ಸಂಘದ ಬೀಜ ಜವಾರಿಯಲ್ಲ, ಅಮೆರಿಕದ್ದು.

1930ರ ದಶಕದ ನಡುವೆ ಅಮೆರಿಕದ ಹತ್ತು ಒಕ್ಕಲು ಮನೆಗಳಲ್ಲಿ ಒಂಬತ್ತಕ್ಕೆ ವಿದ್ಯುತ್ ಇರಲಿಲ್ಲ. ಮೈಲಿಗೆ ಎರಡು ಮೂರು ಮನೆಯಿರುವಲ್ಲಿ ತಂತಿ ಎಳೆದರೆ ಗಿಟ್ಟುವುದಿಲ್ಲ ಎಂಬುದು ಖಾಸಗಿ ಕಂಪನಿಗಳ ವಾದ. ಅಧ್ಯಕ್ಷ ಫ್ರಾಂಕ್ಲಿನ್ ರೂಸ್ವೆಲ್ಟ್ 1935ರಲ್ಲಿ ಗ್ರಾಮೀಣ ವಿದ್ಯುದೀಕರಣ ಆಡಳಿತವನ್ನು ಸ್ಥಾಪಿಸಿದರು. ಮರುವರ್ಷ ಸೆನೆಟರ್ ಜಾರ್ಜ್ ನಾರಿಸ್ ಮತ್ತು ಪ್ರತಿನಿಧಿ ಸಭೆಯ ಸದಸ್ಯ ಸ್ಯಾಮ್ ರೇಬರ್ನ್ ಮುಂದಾಗಿ ಅದಕ್ಕೆ ಕಾಯಿದೆಯ ಬಲ ತಂದರು. ಕಡಿಮೆ ಬಡ್ಡಿಯ ಸಾಲಕ್ಕೆ ಕೈಚಾಚಿದವರು ಹೆಚ್ಚಾಗಿ ಕಂಪನಿಗಳಲ್ಲ, ಐದು ಡಾಲರ್ ಕೊಟ್ಟು ಸದಸ್ಯರಾದ ರೈತರ ಸಂಘಗಳು. ಕಂಪನಿಗಳು ಸುಮ್ಮನಿರಲಿಲ್ಲ. ಸಂಘ ಕಂಬ ನೆಡುವ ಸುದ್ದಿ ಸಿಕ್ಕ ಕಡೆ ರಾತ್ರೋರಾತ್ರಿ ಉಳ್ಳವರ ಮನೆಗಳಿಗಷ್ಟೇ ತಂತಿ ಎಳೆದು, ಬಡವರ ಹೊಲಗಳನ್ನು ಸಂಘಕ್ಕೆ ಬಿಟ್ಟುಬಿಡುತ್ತಿದ್ದವು. ಇವಕ್ಕೆ ಅಲ್ಲಿ ‘ಸ್ಪೈಟ್ ಲೈನ್’ ಎಂಬ ಹೆಸರೇ ಬಿತ್ತು. ಹೊಟ್ಟೆಕಿಚ್ಚಿನ ತಂತಿ ಎನ್ನಬಹುದೇನೋ.

2022ರ ಆಗಸ್ಟಿನಲ್ಲಿ ಲೋಕಸಭೆಯಲ್ಲಿ ಮಂಡನೆಯಾದ ವಿದ್ಯುತ್ ತಿದ್ದುಪಡಿ ಮಸೂದೆಯ ಚರ್ಚೆಯನ್ನು ಈ ತಂತಿಯ ಪಕ್ಕದಲ್ಲಿಟ್ಟು ಓದಬೇಕು. ಒಂದೇ ಪ್ರದೇಶದಲ್ಲಿ, ಇರುವ ತಂತಿಯ ಮೇಲೆಯೇ ಹಲವು ಕಂಪನಿಗಳು ಕರೆಂಟ್ ಮಾರಬಹುದೆಂಬುದು ಅದರ ತಿರುಳು. ಸಿಮ್ ಕಾರ್ಡಿನಂತೆ ಗ್ರಾಹಕನಿಗೆ ಆಯ್ಕೆ ಸಿಗುತ್ತದೆ ಎಂದರು ಪರವಾದಿಗಳು. ಹುಕ್ಕೇರಿ ತಾಲೂಕಿನ ಸಂಕೇಶ್ವರದ ಪೇಟೆ ಕಂಪನಿಗೆ, ಹಳ್ಳಿಯ ಪಂಪ್‌ಸೆಟ್ ಸಂಘಕ್ಕೆ ಉಳಿದರೆ ಏನಾದೀತು? ಆ ಪ್ರಶ್ನೆಗೆ ಅಮೆರಿಕದ ರೈತರು ಎಂಟು ದಶಕಗಳ ಹಿಂದೆಯೇ ಮುಖಾಮುಖಿಯಾಗಿದ್ದರು.

ಅಮೆರಿಕದ ರೈತರ ಆ ಸಹಕಾರಿ ಮಾದರಿ 1960ರ ದಶಕದಲ್ಲಿ ಅಮೆರಿಕದ ಗ್ರಾಮೀಣ ವಿದ್ಯುತ್ ಸಹಕಾರಿಗಳ ಒಕ್ಕೂಟದ ತಜ್ಞರೊಂದಿಗೆ ಭಾರತಕ್ಕೆ ಬಂತು. ಪ್ರಯೋಗಕ್ಕೆ ಆಯ್ಕೆಯಾದ ಐದು ಜಾಗಗಳಲ್ಲಿ ಅಂದಿನ ಆಂಧ್ರದ ಸಿರಿಸಿಲ್ಲ, ಮಹಾರಾಷ್ಟ್ರದ ಮುಳಾ-ಪ್ರವರಾ ಜೊತೆಗೆ ಹುಕ್ಕೇರಿಯೂ ಇತ್ತು. ಇಲ್ಲಿ ಅದಕ್ಕೆ ಬೆನ್ನೆಲುಬಾದವರು ಸಹಕಾರಿ ಧುರೀಣ ಅಪ್ಪಣಗೌಡ ಪಾಟೀಲರು. ಹತ್ತಿರದ ಗೋಕಾಕ ಜಲಪಾತದ ನೀರಿನ ಬಲ 1887ರಷ್ಟು ಹಿಂದೆಯೇ ಮಿಲ್ಲಿನ ಯಂತ್ರ ತಿರುಗಿಸಿತ್ತು. ಸುತ್ತಲ ಹಳ್ಳಿಗಳು ಮುಂದೆಯೂ ದಶಕಗಟ್ಟಲೆ ಚಿಮಣಿ ಬೆಳಕಿನಲ್ಲೇ ಉಂಡವು.

ಹೋಲಿಕೆಯನ್ನು ತೀರ ಎಳೆದರೆ ಹರಿಯುತ್ತದೆ. ಅಮೆರಿಕದ ಸಂಘಗಳು ಸದಸ್ಯರು ಕಟ್ಟಿದ ಬಿಲ್ಲಿನ ಮೇಲೆಯೇ ಸಾಲ ತೀರಿಸಿದವು. ಹುಕ್ಕೇರಿಯ ರೈತನ 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಕರೆಂಟ್ ಉಚಿತ. ಆ ಹಣಕ್ಕೆ ಸಂಘ ಬೆಂಗಳೂರಿನತ್ತ ನೋಡಬೇಕು. ಇನ್ನು ಚುನಾವಣೆ. ಅಮೆರಿಕದ ಬಹಳಷ್ಟು ಸಂಘಗಳಲ್ಲಿ ಮತ ಹಾಕಲು ಬರುವ ಸದಸ್ಯರು ಬೆರಳೆಣಿಕೆಯಷ್ಟು, ಆಡಳಿತ ಮಂಡಳಿ ವರ್ಷಾನುಗಟ್ಟಲೆ ಅದೇ. ಇಲ್ಲಿ 2025ರ ಸೆಪ್ಟೆಂಬರಿನಲ್ಲಿ ಗೋಕಾಕದ ಜಾರಕಿಹೊಳಿ ರಾಜಕೀಯ ಮನೆತನವೂ ಹುಕ್ಕೇರಿಯ ಕತ್ತಿ ರಾಜಕೀಯ ಮನೆತನವೂ ಎದುರುಬದುರು ನಿಂತು, ಸಂಘದ ಚುನಾವಣೆ ವಿಧಾನಸಭೆಯದಕ್ಕಿಂತ ಜೋರಾಯಿತು. ರಮೇಶ ಕತ್ತಿ ಮತ್ತು ಎ.ಬಿ. ಪಾಟೀಲರ ಬಣ 15 ಸ್ಥಾನಗಳಲ್ಲಿ 15ನ್ನೂ ಗೆದ್ದುಕೊಂಡಿತು.