ಮಕ್ಕಳ ಹೆಸರಲ್ಲಿ ಎದ್ದ ತಕರಾರು

2022ರ ಜೂನ್‌ನಲ್ಲಿ ತೆರೆಕಂಡ ‘ಲೈಟ್‌ಇಯರ್’ ಕಾರ್ಟೂನ್ ಸಿನಿಮಾದಲ್ಲಿ ಇಬ್ಬರು ಹೆಂಗಸರು, ದಂಪತಿ, ಕ್ಷಣಹೊತ್ತು ಮುತ್ತಿಡುತ್ತಾರೆ. ಅಷ್ಟಕ್ಕೇ ಸೌದಿ, ಯುಎಇ ಸೇರಿ ಹತ್ತಕ್ಕೂ ಹೆಚ್ಚು ದೇಶಗಳಲ್ಲಿ ಸಿನಿಮಾ ಬಿಡುಗಡೆಯಾಗಲಿಲ್ಲ. ಮೊದಲು ಕಂಪನಿಯೇ ಆ ದೃಶ್ಯ ಕತ್ತರಿಸಿತ್ತು. ನೌಕರರು ದನಿ ಎತ್ತಿದ ಮೇಲೆ ಮರಳಿ ಸೇರಿಸಿತು.

ಹೊರದೇಶದ ಜಗಳ ಅಂತ ಸುಮ್ಮನಿರುವಂತಿಲ್ಲ. 2007ರಲ್ಲಿ ಶಾಲೆಗಳಲ್ಲಿ ಲೈಂಗಿಕ ಶಿಕ್ಷಣ ಬೇಡವೆಂದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. 2021ರಲ್ಲಿ ಎನ್‌ಸಿಇಆರ್‌ಟಿ ಲಿಂಗತ್ವ ಅಲ್ಪಸಂಖ್ಯಾತ ಮಕ್ಕಳ ಕುರಿತು ಶಿಕ್ಷಕರಿಗಾಗಿ ತಂದ ಕೈಪಿಡಿ, ಮಕ್ಕಳ ಹಕ್ಕುಗಳ ರಾಷ್ಟ್ರೀಯ ಆಯೋಗ ಆಕ್ಷೇಪಿಸಿದ ಬೆನ್ನಿಗೇ ಜಾಲತಾಣದಿಂದ ಮಾಯವಾಯಿತು. ಮಕ್ಕಳನ್ನು ಮಾತ್ರ ಯಾರೂ ಕೇಳಿದಂತಿಲ್ಲ.

ನಮ್ಮ ಕಲಬುರಗಿ, ಕಮಲಾಪುರದ ಕಡೆ ಬಯಲಾಟಗಳಲ್ಲಿ ಗಂಡಸರೇ ಸೀರೆ ಉಟ್ಟು ರಾಣಿಯಾಗುತ್ತಿದ್ದರು. ರಾಜ ಆಕೆಯ ಕೈಹಿಡಿದು ಶೃಂಗಾರದ ಪದ ಹಾಡುವಾಗ ಎದುರಿಗೇ ಕೂತು ನೋಡುತ್ತಿದ್ದವರು ಮಕ್ಕಳು. ಅದು ಬರೀ ವೇಷ, ಸಲಿಂಗ ಪ್ರೇಮವಲ್ಲ, ಒಪ್ಪೋಣ. ಆದರೆ ಮೋಹಿನಿಗೆ ಶಿವ ಮರುಳಾದ ಕಥೆ? ಶಿಖಂಡಿಯ ಕಥೆ? ಮಕ್ಕಳು ಮಲಗಲಿ, ಆಮೇಲೆ ಹೇಳೋಣ ಅಂತ ಯಾವ ಅಜ್ಜಿಯೂ ಕಾದಿರಲಿಕ್ಕಿಲ್ಲ.

ವಸುಧೇಂದ್ರರ ‘ಮೋಹನಸ್ವಾಮಿ’ 2013ರಲ್ಲೇ ಬಂತು. ಅದು ದೊಡ್ಡವರ ಪುಸ್ತಕ. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್ ವಯಸ್ಕರ ಸಲಿಂಗ ಸಂಬಂಧ ಅಪರಾಧವಲ್ಲ ಎಂದಿತು, ಅದೂ ದೊಡ್ಡವರಿಗೆ. ತಾನು ಉಳಿದವರಂತಲ್ಲವೇನೋ ಅಂತ ಒಳಗೇ ಅಂಜುವ ಎಂಟನೇ ತರಗತಿಯ ಹುಡುಗನ ಕಿವಿಗೆ ಬೀಳುವುದು ಇನ್ನೂ ಬೈಗುಳದ ಮಾತೇ.