ತಪ್ಪಲ ಪಲ್ಯೆಗೆ ಯಾವ ಜಿಡ್ಡು?

ಸೊಪ್ಪು ಬಡವರ ಊಟ ಅನ್ನುತ್ತಾರೆ. ಆದರೆ ಬರೀ ಬೇಯಿಸಿದ ಸೊಪ್ಪನ್ನು ಬಡವರೂ ಬಾಯಿ ಚಪ್ಪರಿಸಿ ಉಂಡದ್ದಿಲ್ಲ. ಅದಕ್ಕೆ ಉಪ್ಪು, ಹುಳಿ, ಖಾರ ಬೇಕು. ಎಲ್ಲಕ್ಕಿಂತ ಮೊದಲು ಜಿಡ್ಡು ಬೇಕು. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಗುಲಾಮರಾಗಿ ಬಂದ ಆಫ್ರಿಕನ್ನರ ಕೈಯಲ್ಲಿ ಬೆಳೆದ ಅಡುಗೆಯಲ್ಲಿ ಕೊಲಾರ್ಡ್, ಟರ್ನಿಪ್ ಸೊಪ್ಪುಗಳು ಹೊಗೆ ಹಿಡಿಸಿದ ಹಂದಿಯ ತುಂಡಿನ ಜೊತೆ ತಾಸುಗಟ್ಟಲೆ ಕುದಿಯುತ್ತವೆ. ನಾಗಾಲ್ಯಾಂಡಿನ ಆವೊ ಜನ ಕೆಸುವಿನ ಎಲೆಯನ್ನು ಹುಳಿಸಿ ಒಣಗಿಸಿ, ಹೊಗೆಮಾಂಸದ ಜೊತೆ ಬೇಯಿಸುತ್ತಾರೆ. ರೋಣ ತಾಲ್ಲೂಕಿನ ಅಸೂಟಿಯಂಥ ಎರೆ ಸೀಮೆಯ ಊರುಗಳಲ್ಲಿ ಅದೇ ಕೆಲಸ ಎಣ್ಣೆಕಾಳಿನ ಪಾಲಿಗೆ ಬಂದಿದೆ.

ನಮ್ಮಲ್ಲಿ ಅಡುಗೆಯ ಬರವಣಿಗೆ ಹಳೆಯದೇ. ಕಲ್ಯಾಣದ ಚಾಲುಕ್ಯ ದೊರೆ ಇಮ್ಮಡಿ ಜಯಸಿಂಹನ ಕಾಲದಲ್ಲಿ, ಸುಮಾರು 1025ರಲ್ಲಿ, ಚಾವುಂಡರಾಯ ಬರೆದ 'ಲೋಕೋಪಕಾರ'ದಲ್ಲಿ ಗಿಡಮರದ ಆರೈಕೆಯೂ ಇದೆ, ಅಡುಗೆಯೂ ಇದೆ. ಅದೇ ಜಯಸಿಂಹನ ಅಕ್ಕ ಅಕ್ಕಾದೇವಿ ಗಜೇಂದ್ರಗಡ ಬಳಿಯ ಸೂಡಿಯಿಂದ ಕಿಸುಕಾಡು ನಾಡನ್ನು ಆಳಿದಳು. ನೂರು ವರ್ಷದ ಮೇಲೆ, 1129ರ ಹೊತ್ತಿಗೆ, ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ' ಬಂತು. ಹಂದಿಯ ಮೇಲೆ ಕುದಿನೀರು ಸುರಿದೋ, ಮಣ್ಣು ಮೆತ್ತಿ ಹುಲ್ಲಿನ ಬೆಂಕಿಯಲ್ಲಿ ಸುಟ್ಟೋ ಕೂದಲು ತೆಗೆಯುವ ಕ್ರಮವನ್ನು ದೊರೆಯೇ ವಿವರಿಸುತ್ತಾನೆ. 16ನೆಯ ಶತಮಾನದ ಆರಂಭದಲ್ಲಿ ಮಂಗರಸ ಬರೆದ 'ಸೂಪಶಾಸ್ತ್ರ'ದಲ್ಲಿ ಮಾಂಸವಿಲ್ಲ. ಬದನೆಕಾಯಿಗೆ ಮಾತ್ರ ಒಂದು ಅಧ್ಯಾಯವೇ ಮೀಸಲು. ಹೊಲದಿಂದ ಸೆರಗಿನಲ್ಲಿ ಕಟ್ಟಿ ತರುವ ತಪ್ಪಲಿನ ಅಡುಗೆ ಉಳಿದುಬಂದದ್ದು ಓಲೆಗರಿಯಿಂದಲ್ಲ, ಅವ್ವಂದಿರಿಂದ.

ಹೊಗೆಮಾಂಸ ಹುಡುಕಬೇಕಾದರೆ ಕೊಡಗಿಗೆ ಹೋಗಬೇಕು. ಅಲ್ಲಿ ಒಲೆಯ ಮೇಲಿನ ಅಟ್ಟದಲ್ಲಿ ಮಾಂಸ ಒಣಗಿಸಿ, ಕಕ್ಕಡ ತಿಂಗಳ ಬಿಡದ ಮಳೆಗೆ ಇಟ್ಟುಕೊಳ್ಳುತ್ತಿದ್ದರು. ಕಾಡಿನ ತೆರ್ಮೆ ತೊಪ್ಪು, ಕೆಸು, ಕಳಲೆ ಅದೇ ಮಳೆಗಾಲದ ಊಟ. 1972ರ ವನ್ಯಜೀವಿ ಕಾಯ್ದೆಯ ನಂತರ ಬೇಟೆ ನಿಂತು, ಸಾಕಿದ ಹಂದಿ ಒಲೆಗೆ ಬಂತು. ರೋಣದ ಕಡೆ ಹಂದಿಮಾಂಸ ಹೆಚ್ಚಿನ ಮನೆಗಳ ಒಲೆ ಏರುವುದಿಲ್ಲ, ಹಾಗಾಗಿ ಇಲ್ಲಿನ ದಾರಿಯೇ ಬೇರೆ.

ಪುಂಡಿ ಪಲ್ಯೆಯನ್ನೇ ನೋಡಿ. ಎಲೆ ಬಿಡಿಸಿ ತೊಳೆದು, ತೊಗರಿಬ್ಯಾಳಿ, ಒಂದು ಹಿಡಿ ಜೋಳದ ನುಚ್ಚು, ಹಸಿಮೆಣಸಿನಕಾಯಿ ಹಾಕಿ ಮೆತ್ತಗೆ ಬೇಯಿಸಬೇಕು. ಸೌಟಿನ ಹಿಂಬದಿಯಿಂದ ಮಸೆದು, ಜಜ್ಜಿದ ಬಳ್ಳೊಳ್ಳಿ ಕೆಂಪಗಾಗುವ ತನಕ ಕಾಯಿಸಿದ ಒಗ್ಗರಣೆ ಹೊಯ್ಯಬೇಕು. ಎಣ್ಣೆಗೆ ಕೈ ಹಿಡಿದರೆ ಪುಂಡಿಯ ಹುಳಿ ಹಲ್ಲು ಚುಳ್ ಅನ್ನಿಸುತ್ತದೆ. ಮೈಸೂರು ಸೀಮೆಯವರು ಸೊಪ್ಪು ಬೆಂದ ನೀರನ್ನು ಬಸಿದು ಬಸ್ಸಾರು ಮಾಡುತ್ತಾರೆ. ಇಲ್ಲಿ ನುಚ್ಚು ಆ ನೀರನ್ನೆಲ್ಲ ಕುಡಿದುಬಿಡುತ್ತದೆ. ಎರಡನೆಯ ದಿನ ಕಟಿರೊಟ್ಟಿಗೆ ಹಚ್ಚಿಕೊಂಡರೆ ಇದರ ರುಚಿಯೇ ಬೇರೆ. ಗಡ್ಡೆ-ಸೊಪ್ಪಿನ ಜೋಡಿ ಬೇಕೆನ್ನುವವರಿಗೆ ಬೀದರ, ಕಲಬುರಗಿ ಕಡೆಯ ಎಳ್ಳಮಾವಾಸ್ಯೆಯ ಭಜ್ಜಿ ಇದೆ: ಹಲವು ತಪ್ಪಲು, ಗಜ್ಜರಿ, ಹಸಿ ಕಾಳು, ಹುಣಸೆಹುಳಿ, ಕಡ್ಲಿಹಿಟ್ಟು ಎಲ್ಲ ಒಂದೇ ಗಡಿಗೆಯಲ್ಲಿ.

ಇದನ್ನೆಲ್ಲ ಅನಾದಿ ಕಾಲದ್ದೆಂದು ಹೊಗಳುವವರು ಬಿ.ಜಿ.ಎಲ್. ಸ್ವಾಮಿಯವರ 'ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕಾ' ಓದಬೇಕು. ಮೆಣಸಿನಕಾಯಿ, ಶೇಂಗಾ ಎರಡೂ ಕಡಲು ದಾಟಿ ಬಂದವು. ಅಕ್ಕಾದೇವಿಯ ಕಾಲದ ಪಲ್ಯೆಗೆ ಖಾರ ಕೊಟ್ಟದ್ದು ಕಾಳುಮೆಣಸೋ ಶುಂಠಿಯೋ ಇರಬೇಕು. ಶೇಂಗಾಕ್ಕಿಂತ ಮೊದಲಿನ ಎಣ್ಣೆಕಾಳು ಎಳ್ಳು, ಗುರೆಳ್ಳು, ಅಗಸಿ, ಕುಸುಬಿ. ದನ ನುಗ್ಗದಿರಲೆಂದು ಬಿಳಿಜೋಳದ ಹೊಲದ ಸುತ್ತ ಕುಸುಬಿ ಬಿತ್ತುತ್ತಿದ್ದರು. ಮುಳ್ಳು ಬಲಿಯುವ ಮುನ್ನ ಚಿವುಟಿದರೆ ಪಲ್ಯೆ, ಬಲಿತ ಮೇಲೆ ಎಣ್ಣೆ: ಸೊಪ್ಪೂ ಅದೇ, ಸೊಪ್ಪಿನ ಜಿಡ್ಡೂ ಅದೇ. ಇಂಥ ಗಿಡವನ್ನು ನಾವು ಬಿಟ್ಟುಕೊಟ್ಟದ್ದು ಪ್ಯಾಕೆಟಿನ ಪಾಮ್ ಎಣ್ಣೆಗೆ.

ಮಲಪ್ರಭೆಗೆ ನವಿಲುತೀರ್ಥದಲ್ಲಿ ಕಟ್ಟಿದ ಅಣೆಕಟ್ಟು 1972ರಲ್ಲಿ ಮುಗಿಯಿತು. ಕಾಲುವೆ ನೀರು ಹರಿದ ನರಗುಂದ, ರೋಣದ ಹೊಲಗಳಿಗೆ ಗೋವಿನಜೋಳ, ಹೈಬ್ರಿಡ್ ಹತ್ತಿ ಬಂದವು, ಹಿಂದೆಯೇ ಕಳೆನಾಶಕ. ಹಕ್ಕರಿಕಿ, ಕಿರಕಸಾಲಿ, ಗೋಳಿ ಪಲ್ಯೆಗಳೂ ಕಳೆಯ ಲೆಕ್ಕಕ್ಕೆ ಸೇರಿದವು. ವಿಜ್ಞಾನ ಮಾತ್ರ ಇದಕ್ಕೂ ಮೊದಲಿನಿಂದ ಎದುರು ದಿಕ್ಕಿನಲ್ಲಿ ನಡೆದಿತ್ತು. 1937ರಲ್ಲಿ ಕೂನೂರಿನಲ್ಲಿ ಪೋಷಣ ವಿಜ್ಞಾನಿ ಐಕ್ರಾಯ್ಡ್ ಅವರ ತಂಡದಿಂದ ಶುರುವಾದ ಆಹಾರ ಪೋಷಕಾಂಶಗಳ ಪಟ್ಟಿ, ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ 2017ರ ಆವೃತ್ತಿಯ ತನಕ ಬೆಳೆಯಿತು. ಸೊಪ್ಪಿನಲ್ಲಿರುವ ಎ ಜೀವಸತ್ವದ ಮೂಲದ್ರವ್ಯ ಮೈಗೆ ಹತ್ತಬೇಕಾದರೆ ಜಿಡ್ಡು ಬೇಕೆಂದು ಪೋಷಣಶಾಸ್ತ್ರವೂ ಈಗ ಹೇಳುತ್ತದೆ. ಒಗ್ಗರಣೆಗೆ ಎಣ್ಣೆ ಧಾರಾಳವಾಗಿ ಬಿಡುತ್ತಿದ್ದ ಅವ್ವಂದಿರನ್ನು ಗದರಿಸಿದವರು ಇದನ್ನು ಗಮನಿಸಲಿ.

ಪುಂಡಿ, ರಾಜಗಿರಿ, ಮೆಂತ್ಯೆಯ ಬೀಜ ಅಂಗಡಿಯಲ್ಲಿ ಸಿಗುತ್ತದೆ. ತಾನಾಗಿ ಏಳುವ ಕಿರಕಸಾಲಿಗೆ ಬೀಜದಂಗಡಿ ಇಲ್ಲ. ಬದುವಿಗೆ ಔಷಧಿ ಹೊಡೆಯುವ ಮುನ್ನ, ಅಲ್ಲಿ ತಿನ್ನುವಂಥದ್ದು ಏನೇನಿದೆ ಎಂದು ಮನೆಯ ಹಿರಿಯ ಹೆಣ್ಣುಮಕ್ಕಳನ್ನು ಒಮ್ಮೆ ಕೇಳಿ.